ನೀರು ಕುಡಿಯದ ಗೋಡೆ

"ಬಾಯಿ ತೆಗೆಯೋ, ನಾಯಿ! ನೀನು ಬಳಿದದ್ದನ್ನ ನೀನೇ ತಿನ್ನು!"

ಸೇತುಮಾಧವ ಎಸೆದ ಗಾರೆಯ ಹೆಂಟೆ ಮಾದೇಶನ ಎದೆಗೆ ಬಡಿದು ಪುಡಿಯಾಯಿತು. ಅಂಗಳದಲ್ಲಿ ಕೈಕಟ್ಟಿ ನಿಂತಿದ್ದ ಮಾದೇಶ ಅಂಗಿ ಕೂಡ ಕೊಡವಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ಅವನ ಹೆಂಡತಿ ರೋಜಾ ಮಾತ್ರ ಆ ಪುಡಿಯನ್ನೇ ನೋಡಿದಳು. ರಾಗಿಹಿಟ್ಟಿನ ಹಾಗೆ ಉದುರಿತ್ತು. ಕಲಸಿದವಳು ಅವಳೇ. ತನ್ನ ಗಾರೆ ಹೀಗೆ ಉದುರುವಂಥದ್ದಲ್ಲ ಎಂದು ಅವಳಿಗೆ ಗೊತ್ತಿತ್ತು, ಯಾಕೆ ಉದುರಿತು ಎಂಬುದೂ ಗೊತ್ತಿತ್ತು.

ಸೇಲಂನ ಹೊಸ ಬಡಾವಣೆಯಲ್ಲಿ ಸೇತುಮಾಧವ ಮನೆ ಕಟ್ಟಿಸಿ, ಗುಲಾಬಿ ಬಣ್ಣದ ಡಿಸ್ಟೆಂಪರ್ ಹೊಡೆಸಿ, ಗೃಹಪ್ರವೇಶ ಮುಗಿಸಿ ಇನ್ನೂ ತಿಂಗಳು ತುಂಬಿರಲಿಲ್ಲ. ನಿನ್ನೆ ಪೂಜೆಯ ಹೊತ್ತಿಗೆ ದೇವರಮನೆಯ ಗಾರೆ ಕಿತ್ತುಕೊಂಡು ನೈವೇದ್ಯದ ಮೇಲೆ ಬಿದ್ದಿತ್ತು. ಇನ್ನೇನು ಬೇಕು! ಕೆಲಸ ಹಿಡಿದಿದ್ದ ಮೇಸ್ತ್ರಿ ಸುಬ್ಬರಾಯನ್ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೇ ಬಂದು, ನಲ್ಲಂಪಳ್ಳಿಯಿಂದ ಬಂದಿಳಿದ ಗಂಡಹೆಂಡಿರನ್ನು ಕಳ್ಳರನ್ನು ತರುವಂತೆ ಕರೆತಂದಿದ್ದ.

"ನಾನ್ ಎನ್ನ ಪಣ್ರದು ಸಾರ್, ನಾನೇನ್ ಮಾಡ್ಲಿ? ಇವರ ಕೆಲಸ. ಕುಡ್ದು ಕಲಸಿರ್ತಾರೆ," ಎಂದು ಸುಬ್ಬರಾಯನ್ ಕೈತೊಳೆದುಕೊಂಡ.

"ಕರಣೆ ಕಿತ್ಕೊಳ್ಳಯ್ಯಾ ಇವನದು. ಗೋಡೆ ಸರಿಯಾಗೋ ತನಕ ನನ್ನ ಹತ್ರ ಇರಲಿ," ಎಂದ ಸೇತುಮಾಧವ.

ಮಾದೇಶನ ಕೈಚೀಲದಿಂದ ಗಾರೆ ಮೆತ್ತುವ ಕರಣೆ ಸೇತುಮಾಧವನ ಕಿಟಕಿಯ ಒಳಗೆ ಹೋಯಿತು. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಆಳು ಹುಡುಕಲು ಬರುವವರು ಮುಖ ನೋಡುವುದಿಲ್ಲ, ಚೀಲದಿಂದ ಇಣುಕುವ ಕರಣೆಯ ಹಿಡಿ ನೋಡುತ್ತಾರೆ. ಅದಿದ್ದರೆ ಗಾರೆಯವನು, ಇಲ್ಲದಿದ್ದರೆ ಮಣ್ಣು ಹೊರುವವನು. ಮಾದೇಶ ಮಣ್ಣು ಹೊರುವುದರಿಂದ ಮೇಲೇಳಲು ಅರ್ಧ ಆಯುಷ್ಯ ಸವೆಸಿದ್ದ.

"ಗಾರೇದೇನೂ ತಪ್ಪಿಲ್ಲ ಸಾಮಿ," ಎಂದಳು ರೋಜಾ. "ಆ ಗೋಡೆಗೆ ನೀವು ನೀರು ಕುಡಿಸ್ಲಿಲ್ಲ."

ನಿಜವೇ. ಗಾರೆ ಮೆತ್ತಿದ ಸಂಜೆಯೇ ಸೇತುಮಾಧವನ ಹೆಂಡತಿ ವೆಂಕೂಬಾಯಿ ದೇವರಮನೆಗೆ ಗೋಮೂತ್ರ ಚಿಮುಕಿಸಿ ಶುದ್ಧ ಮಾಡಿದ್ದಳು. ಮರುದಿನ ರೋಜಾ ಬಕೆಟ್ಟು ಹಿಡಿದು ಬಂದಾಗ ಮಿಕ್ಕ ಕೋಣೆಗಳೆಲ್ಲ ತೆರೆದಿದ್ದವು, ಅದೊಂದು ಮುಚ್ಚಿತ್ತು. ಹಸಿ ಗೋಡೆ ಬಾಣಂತಿ ಇದ್ದಂಗೆ, ನೀರು ಕೊಡ್ಲೇಬೇಕು, ನಾನು ಬ್ಯಾಡಾಂದ್ರೆ ನೀವೇ ನೀರಾಕಿ ಎಂದು ಬೇಡಿಕೊಂಡಿದ್ದಳು. "ನಿನ್ನ ಹತ್ರ ನಾನು ಪಾಠ ಕಲೀಬೇಕೇನೇ?" ಎಂದು ವೆಂಕೂಬಾಯಿ ಚಿಲಕ ಹಾಕಿದ್ದಳು. ಪಂಗುಣಿ ತಿಂಗಳ ಬೇಸಿಗೆಯ ಬಿಸಿಲಿಗೆ ಗೋಡೆ ಬಾಯಾರಿ ಸತ್ತಿತು.

"ಓಹೋ! ಹಾಗಾದ್ರೆ ನಮ್ಮ ಮಡಿಯದ್ದೇ ತಪ್ಪೋ?" ಸೇತುಮಾಧವನ ದನಿ ಬೀದಿಗೆ ಕೇಳಿಸಿತು.

"ವಾಯ ಮೂಡುಡೀ! ಬಾಯ್ಮುಚ್ಚೇ!" ಎಂದ ಸುಬ್ಬರಾಯನ್, ಹೆಂಡತಿ ಬಾಯಿ ತೆಗೆದದ್ದಕ್ಕೆ ಗಂಡನ ಕೆನ್ನೆಗೆ ಬಾರಿಸಿದ. ನ್ಯಾಯವೆಂದರೆ ಇದು! ಮಾದೇಶ ಬಗ್ಗಿ ಸೇತುಮಾಧವನ ಕಾಲಿಗೆ ಬೀಳಲು ಹೋದ. ಪೂಜೆಗೆ ಸ್ನಾನ ಮಾಡಿ ಮಡಿಪಂಚೆ ಉಟ್ಟಿದ್ದ ಸೇತುಮಾಧವ, ಹಾವು ಕಂಡವನಂತೆ ಹಿಂದಕ್ಕೆ ಹಾರಿದ.

"ದೂರ! ದೂರ! ಮುಟ್ಟೀಯೆ!"

ಮಾದೇಶ ಬರೀ ನೆಲಕ್ಕೆ ಹಣೆ ಹಚ್ಚಿ ಎದ್ದ. ಅವನು ಹೊಡೆಸಿಕೊಂಡದ್ದನ್ನು ರೋಜಾ ನುಂಗಿಯಾಳು, ನೆಲ ಮುಟ್ಟಿದ್ದನ್ನು ನುಂಗಲಾರಳು.

"ಪೂರ್ತಿ ಕೆತ್ತಿ ಹೊಸದಾಗಿ ಮೆತ್ತಿ," ಎಂದು ಹೇಳಿ ಸುಬ್ಬರಾಯನ್ ಮೊಪೆಡ್ ಏರಿ ಇನ್ನೊಂದು ಕೆಲಸಕ್ಕೆ ಹೋದ. ವೆಂಕೂಬಾಯಿ ದೇವರ ಪೆಟ್ಟಿಗೆಯನ್ನು ಎದೆಗವಚಿ ಅಡುಗೆಮನೆಗೆ ಒಯ್ದಳು. ರೋಜಾ ಸುತ್ತಿಗೆ, ಉಳಿ ಹಿಡಿದು ಹಿಂಬಾಗಿಲಿಂದ ಒಳಗೆ ಬಂದಳು. ದೇವರಮನೆಯ ಗಾರೆ ಎರಡೇಟಿಗೆ ಹಪ್ಪಳದಂತೆ ಬಿಟ್ಟುಕೊಂಡಿತು.

ಬಾಗಿಲಲ್ಲಿ ನಿಂತ ಸೇತುಮಾಧವ ನಿಟ್ಟುಸಿರುಬಿಟ್ಟ. "ನೋಡೇ ವೆಂಕೂ, ಕಡೆಗೆ ಗೋಡೆಗೂ ಹೇಸಿಗೆ ಆಗಿದೆ. ಇಂಥವರ ಕೈ ತಗುಲಿದ್ದನ್ನ ಅದೇ ಕಕ್ಕಿಬಿಡ್ತು."

ರೋಜಾಳ ಸುತ್ತಿಗೆ ನಿಂತಿತು.

"ಇಂಗಾ ಸಾಮಿ? ಅಂಗಾದ್ರೆ ನಮ್ ಕೈದು ಯಾವ್ದೂ ನಿಮ್ ಮನೇಲಿ ಬ್ಯಾಡ."

ಅವಳು ನಡುಮನೆಗೆ ನಡೆದು ಗುಲಾಬಿ ಗೋಡೆಗೆ ಉಳಿ ಇಟ್ಟು ಹೊಡೆದಳು. ಆ ಗೋಡೆ ಬಿಡಲೊಲ್ಲದು. ದಿನಾ ನೀರು ಕುಡಿಸಿ ಸಾಕಿದ ಗೋಡೆ, ಕಬ್ಬಿಣದಂತೆ ನಿಂತಿತ್ತು. ತನ್ನ ಕೈಯ ಒಳ್ಳೆಯ ಕೆಲಸವನ್ನು ಒಡೆಯುವುದು ಅವಳಿಗೆ ಸಂಕಟವಾಯಿತು, ಕಣ್ಣಲ್ಲಿ ನೀರು ಬಂತು. ಆದರೂ ಹೊಡೆದಳು. ದೊಡ್ಡ ತುಂಡೊಂದು ಕಳಚಿ ಹೊಸ ಸೋಫಾದ ಮೇಲೆ ಬಿತ್ತು.

"ಅಯ್ಯಯ್ಯೋ! ಹಿಡ್ಕೊಳ್ರೀ ಅವಳನ್ನ!" ವೆಂಕೂಬಾಯಿ ಕಿರುಚಿದಳು.

ಹಿಡಿಯಬೇಕಾದರೆ ಮುಟ್ಟಬೇಕು. ಗಂಡ ಮಡಿಯಲ್ಲಿ, ಹೆಂಡತಿ ಮಡಿಯಲ್ಲಿ, ಎದೆಯ ಮೇಲೆ ದೇವರು. ಇಬ್ಬರೂ ಒಂದು ಹೆಜ್ಜೆ ಮುಂದಿಟ್ಟು ಒಂದು ಹೆಜ್ಜೆ ಹಿಂದಿಟ್ಟು ಕುಣಿದರು.

"ಲೋ, ನಿಲ್ಲಿಸೋ ನಿನ್ನ ಹೆಂಡ್ತೀನ!" ಸೇತುಮಾಧವ ಕೂಗಿದ.

ಹಿಂಬಾಗಿಲಲ್ಲಿ ನಿಂತಿದ್ದ ಮಾದೇಶ ಕೆಂಪೇರಿದ ಕೆನ್ನೆ ಸವರಿಕೊಂಡ. "ಅವ್ಳು ನನ್ ಮಾತು ಎಲ್ಲಿ ಕೇಳ್ತಾಳೆ ಸಾಮಿ. ಕರಣೆ ಕೊಡಿ."

ವೆಂಕೂಬಾಯಿಯೇ ಓಡಿಹೋಗಿ ಕಿಟಕಿಯಲ್ಲಿದ್ದ ಕರಣೆಯನ್ನು ಕೋಲಿನಿಂದ ಅಂಗಳಕ್ಕೆ ತಳ್ಳಿದಳು. "ತಗೊಂಡು ತೊಲಗಿ! ತೊಲಗಿ!"

ಮಾದೇಶ ಅದನ್ನೆತ್ತಿ ಚೀಲಕ್ಕೆ ಹಾಕಿಕೊಂಡ. "ಬಾಮ್ಮಿ ರೋಜಾ, ಸಿಕ್ತು. ಓಗಾನ."

"ನೀ ಓಗಿ ಬೀದಿ ಬೇವಿನ್ಮರದಡಿ ಕುಂತಿರು. ನಂದಿನ್ನೂ ಐತೆ."

ಅವಳು ಅಡುಗೆಮನೆಗೆ ಬಂದಳು. ವೆಂಕೂಬಾಯಿ ಪೆಟ್ಟಿಗೆ ಹೊತ್ತು ಅಲ್ಲಿಗೇ ಓಡಿಬಂದು ಗೋಡೆಗೆ ಆತು ನಿಂತಿದ್ದಳು.

"ಸರೀರಿ ಅಮ್ಮಾ. ಇದೂ ನಮ್ ಕೈದೇ."

ವೆಂಕೂಬಾಯಿ ಬೆಂಕಿ ತಗುಲಿದಂತೆ ಗೋಡೆ ಬಿಟ್ಟು ಸರಿದಳು. ದಿಕ್ಕೆಟ್ಟವಳಂತೆ ಸುತ್ತ ನೋಡಿದಳು. ಎಲ್ಲ ಗೋಡೆಯೂ ಅವರ ಕೈಯದೇ. ಅಳುತ್ತಾ ಪೆಟ್ಟಿಗೆ ಸಮೇತ ಅಂಗಳದ ಸುಡುಬಿಸಿಲಿಗೆ ಇಳಿದಳು.

ರೋಜಾ ಒಲೆಯ ಮೇಲಿನ ಗೋಡೆಗೆ ಉಳಿ ಇಟ್ಟಳು. ಸೇತುಮಾಧವ ಈಗ ತಡೆಯಲಾರದೆ ನುಗ್ಗಿ ಬಂದು, ಅವಳ ರಟ್ಟೆ ಹಿಡಿಯಲು ಕೈ ಚಾಚಿದ. ಅವಳು ಓಡಲಿಲ್ಲ. ಸೆರಗು ಸರಿಸಿ, ಸಿಮೆಂಟು ತಿಂದು ಬಿರುಕುಬಿಟ್ಟ ಬರಿತೋಳನ್ನು ಅವನ ಮುಂದೆಯೇ ಹಿಡಿದಳು.

"ಇಡ್ಕಳಿ ಸಾಮಿ. ಇಡ್ಕಂಡ್ರೆ ನಿಲ್ಲಿಸ್ತೀನಿ."

ಅವನ ಕೈ ಗೇಣು ದೂರದಲ್ಲೇ ನಿಂತಿತು. ರೋಜಾ ಸಾಕಷ್ಟು ಹೊತ್ತು ಕಾದಳು. ಆಮೇಲೆ ಗೋಡೆಯತ್ತ ತಿರುಗಿ ಸುತ್ತಿಗೆ ಎತ್ತಿದಳು.