ಐದು ಬಡಿತದ ವಿಸ್ಕಿ

ಬಸ್ಸು ಪಂಕ್ಚರ್ ಆಗಿತ್ತು ಎಂಬ ಒಂದೇ ಸುಳ್ಳಿನ ಮೇಲೆ ದೇವಿಂದ್ರಪ್ಪ ವರ್ಷವಿಡೀ ಸಂಸಾರ ಮಾಡಿದ್ದ. ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ಬಸ್ಸಿಗೆ ಅವನು ಕಂಡಕ್ಟರ, ಮನೆ ಶಹಾಪುರದಲ್ಲಿ. ಬಾಯಿಂದ ವಾಸನೆ ಬಂದ ದಿನವೆಲ್ಲ ಹೆಂಡತಿ ಶಂಕ್ರಮ್ಮನ ಮುಂದೆ ಪಂಕ್ಚರ್. ಒಂದು ಸಂಜೆ ಅದನ್ನೇ ಹೇಳುತ್ತ ನಿಂತಿದ್ದಾಗ ಆ ಬಸ್ಸೇ ಮನೆ ಮುಂದೆ ಬಂದು ಹಾರ್ನ್ ಹೊಡೆಯಿತು. ಇವನು ಸೀಟಿನ ಕೆಳಗೆ ಬಿಟ್ಟುಬಂದಿದ್ದ ಚಪ್ಪಲಿ ಕೊಟ್ಟುಹೋಗಲು ಡ್ರೈವರ ಸರದಾರಸಾಬ ಬಂದಿದ್ದ. ಬಸ್ಸಿನ ಗಾಲಿಗಳೆಲ್ಲ ಗುಂಡುಗುಂಡಾಗಿ ನಗುತ್ತಿದ್ದವು.

"ಕುಡದೀನಿ ಅಂದಿದ್ರ ಒಂದು ಬೈಗುಳದಾಗ ಮುಗೀತಿತ್ತು," ಅಂದಳು ಶಂಕ್ರಮ್ಮ. "ನಾ ಏನ್ ಹುಚ್ಚಿ ಅಂತ ತಿಳದೀರಿ?"

ಮರುದಿನ ಅದೇ ಬಸ್ಸು ಹತ್ತಿ, ಗಂಡನ ಕೈಯಿಂದಲೇ ಟಿಕೇಟು ತಗೊಂಡು ಸುರಪುರದ ತವರಿಗೆ ಹೋಗಿಬಿಟ್ಟಳು.

ಅವಳ ಅಪ್ಪ ಸೂಗಪ್ಪ ಕುರಿ ವ್ಯಾಪಾರಿ, ಓಣಿಯ ಜಗಳಗಳಿಗೆ ನ್ಯಾಯ ಹೇಳುವ ಹಿರಿಯ. ಅವನು ಹೇಳಿ ಕಳಿಸಿದ: "ಅಳಿಯ ಬಂದು ದೇವರ ಭಂಡಾರ ಮುಟ್ಟಿ, ಇನ್ನ ಕುಡಿಯೋದಿಲ್ಲ ಅಂತ ಆಣಿ ಮಾಡ್ಲಿ. ಆಮ್ಯಾಲ ಮಗಳು. ನಮ್ಮ ಮನೆತನದಾಗ ಆ ವಾಸನಿನೇ ಇಲ್ಲ."

ದೇವಿಂದ್ರಪ್ಪ ರಜೆ ಹಾಕಿ ಬೆಳಗಿನ ಬಸ್ಸಿಗೇ ಹೋದ. ಮಾವ ಮನೆಯಲ್ಲಿರಲಿಲ್ಲ. "ಯಾವುದೋ ನ್ಯಾಯ ಅದ ಅಂತ ಹೋಗ್ಯಾರ, ಸಂಜಿಗೆ ಬರ್ರಿ," ಅಂದಳು ಅತ್ತೆ ಭೀಮವ್ವ. ಶಂಕ್ರಮ್ಮ ಒಳಗಿನಿಂದ ಹೊರಗೆ ಬರಲೇ ಇಲ್ಲ, ಬಳೆ ಸಪ್ಪಳ ಮಾತ್ರ ಬಂತು. ಇವನು ತಲೆ ತಗ್ಗಿಸಿ ಓಣಿ ದಾಟುತ್ತಿದ್ದಾಗ ಜಮಾಲಸಾಬ ತೋಳು ಹಿಡಿದ.

ಜಮಾಲಸಾಬ ಜಾಗೀರದಾರರೊಬ್ಬರ ಮನೆಯ ಖಾನಸಾಮ. ಅಡುಗೆ, ಬಡಿಸುವುದು ಎಲ್ಲ ಅವನದೇ. ನಿಜಾಮನ ರಾಜ್ಯದ ಮೇಲೆ ಪೊಲೀಸ್ ಕಾರ್ಯಾಚರಣೆ ಆಯಿತು, ಮರುವರ್ಷ ಜಾಗೀರುಗಳೂ ಹೋದವು, ಜಾಗೀರದಾರರು ಹೈದರಾಬಾದ್ ಸೇರಿಕೊಂಡರು. ಉಳಿದ ಸಾಮಾನು ಮಾರುವ ಕೆಲಸ ಇವನ ತಲೆಗೆ ಬಂದಿತ್ತು.

"ಐದು ಬಾಟ್ಲಿ ವಿಲಾಯ್ತಿ ವಿಸ್ಕಿ ಅವ, ದೇವಿಂದ್ರಪ್ಪ. ನಾಳಿ ಯಾದಗಿರಿ ಸೇಠ ಬರ್ತಾನ. ಯಾವ್ದು ಮೇಲು, ಯಾವ್ದು ಕಮ್ಮಿ, ನನಗೇನ್ ಗೊತ್ತು? ಜಿಂದಗಿಭರ್ ಸುರಿದೀನಿ, ಒಂದು ಹನಿ ನಾಲಗಿಗೆ ಹಚ್ಚಿಲ್ಲ, ತೌಬಾ! ಬಾಟ್ಲಿ ಚೀಟಿ ನೋಡಿ ಹೇಳೂಣಂದ್ರ, ಜಾಗೀರದಾರರ ಮಗ ಛೋಟೆ ಸಾಹೇಬ ಕದ್ದು ಕುಡದು ಏನೇನ್ ತುಂಬಿ ಇಟ್ಟಾನೋ. ನೀ ಮೊದಲು ಯಾದಗಿರಿ ರೈಲು ಸ್ಟೇಶನ್‌ದಾಗ ಸಾಹೇಬರಿಗೆ ಬಡಿಸ್ತಿದ್ದಿ. ನಿನ್ನ ನಾಲಗಿ ಬೇಕಾಗ್ಯದ."

"ಇವತ್ತ ಬ್ಯಾಡ ಸಾಬ. ಸಂಜಿಗೆ ಆಣಿ ಅದ ನಂದು."

"ಸಂಜಿಗೆ ಹೌದಲ್ಲೋ? ಈಗಿನ್ನಾ ಮಧ್ಯಾಹ್ನ."

ದೇವಿಂದ್ರಪ್ಪ ತಲೆ ಎತ್ತಿ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದ. ಸಾಬನ ಹಿಂದೆ ಜಾಗೀರದಾರರ ಮನೆಯವರೆಗೂ ನಡೆದ, ಪಾಪ.

"ಒಂದು ಶರ್ತ ಅದ," ಅಂದ ಜಮಾಲಸಾಬ. "ಒಳಗ ಇನ್ನೊಬ್ಬರು ಕುಂತಾರ, ಇಜ್ಜತದಾರ್ ಮನುಷ್ಯ. ನಾ ಯಾರನ್ನೂ ನೋಡಬಾರದು, ನನ್ನ ಯಾರೂ ನೋಡಬಾರದು ಅಂದಾರ. ಅದಕ್ಕ ಇಬ್ಬರಿಗೂ ಕಣ್ಣು ಕಟ್ತೀನಿ. ಅವರು ಬಾಯೂ ಬಿಡಂಗಿಲ್ಲ, ಉಂಗುರದಿಂದ ತಾಟು ಬಡೀತಾರ. ಒಂದು ಬಡದ್ರ ಕಸ, ಐದು ಬಡದ್ರ ಬಾದಶಾಹಿ."

ಬಾಗಿಲ ಹೊರಗೇ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ದೇವಿಂದ್ರಪ್ಪ ಒಳಗೆ ಹೋಗಿ ಚಾಪೆಯ ಮೇಲೆ ಕೂತ. ಮೊದಲ ಗ್ಲಾಸು ಕೈಗೆ ಬಂತು.

"ಕುದುರಿ ಜೀನು ನೆಕ್ಕಿದಂಗ ಅದ," ಅಂದ. "ಎರಡು."

ಅವನು ಬಾಯಿ ತೆರೆದದ್ದೇ ತಡ, ಎದುರಿನವರಿಗೆ ಕೆಮ್ಮು ಹತ್ತಿತು. ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವ ಕಂಡಕ್ಟರನ ದನಿ ಅದು. ಕೆಮ್ಮು ನಿಂತು, ಎಷ್ಟೋ ಹೊತ್ತಿಗೆ ತಾಟಿನ ಮೇಲೆ ಟಣ್, ಟಣ್ ಎಂದು ಎರಡು ಬಿತ್ತು.

ಎರಡನೆಯದು ಬಂತು. "ಟಿಂಚರ್‌ನಾಗ ಒಲಿ ಹೊಗಿ ಬಿಟ್ಟಾರ!" ಅಂದ ದೇವಿಂದ್ರಪ್ಪ. ಎದುರಿನಿಂದ ನಾಲ್ಕು ಬಡಿತ. ಇವನು ಅನುಮಾನದಿಂದ ಇನ್ನೊಂದು ಗುಟುಕು ತಗೊಂಡ. "ಹೌದಲ್ಲ, ಎರಡನೇ ಗುಟುಕಿಗೆ ಚಲೋ ಆಗ್ತದ. ನಾಲ್ಕು ಖರೆ. ಶಾಣ್ಯಾರಿದ್ದೀರಿ ಬಿಡ್ರಿ."

ಮೂರನೆಯದಕ್ಕೆ ಬಡಿತವೇ ಇಲ್ಲ.

"ಸಾಬ, ಇದು ಚಹಾ!" ಅಂದ ದೇವಿಂದ್ರಪ್ಪ. "ಹಾಲಿಲ್ಲ, ಬೆಲ್ಲ ಅದ."

"ಹಾಯ್, ಛೋಟೆ ಸಾಹೇಬ!" ಎಂದು ಜಮಾಲಸಾಬ ಹಣೆ ಬಡಿದುಕೊಂಡ ಸಪ್ಪಳ ಕೇಳಿತು. ಎದುರಿನವರ ಮೂಗಿನಿಂದ ನಗು ಸಿಡಿಯಿತು.

ಜಗಳ ಬಂದದ್ದು ನಾಲ್ಕನೆಯದಕ್ಕೆ. ಉಂಗುರ ಐದು ಸಲ ಗಂಟೆಯ ಹಾಗೆ ಬಾರಿಸಿತು.

"ಇದಕ್ಕ ಐದಾ? ಬಾಣಂತಿ ಕಷಾಯ ಇದು! ಒಂದು," ಅಂದ ದೇವಿಂದ್ರಪ್ಪ. ಮತ್ತೆ ಐದು ಬಡಿತ, ಇನ್ನೂ ಜೋರಾಗಿ. "ಯಾರಪ್ಪಾ ಇಂವ? ಬಾಯಾಗ ನಾಲಗಿ ಅದನೋ, ಕುರಿ ಬಾಲ ಅದನೋ?"

"ಏಯ್! ಜಾಗೀರದಾರರ ಬಾಜೂ ಕುಂತು ಕುಡದ ನಾಲಗಿ ಇದು! ನನಗ ಕಲಸ್ತೀ ಏನೋ, ಟಿಕೇಟ್ ಹರಿಯಾಂವ?"

ಮಾತು ಹೊರಬಿದ್ದಿತ್ತು. ಅದು ಮಾವನ ದನಿ. ದೇವಿಂದ್ರಪ್ಪನ ಕೈ ಕಣ್ಣಿನ ಬಟ್ಟೆಯವರೆಗೆ ಹೋಯಿತು.

"ಬಿಚ್ಚಬ್ಯಾಡ," ಎಂದಿತು ಆ ದನಿ, ಈಗ ಮೆತ್ತಗೆ. "ಬಿಚ್ಚಿದ್ರ ನೀ ನನ್ನ ಮುಂದ ಕುಡದಂಗ ಆಗ್ತದ. ನಾ ನಿನ್ನ ಮುಂದ ಕುಡದಂಗ ಆಗ್ತದ."

"ಹೌದ್ರಿ... ಯಾರಿದ್ದೀರೋ ಏನೋ."

"ಹಾಂ. ಯಾರಿದ್ದೀಯೋ ಏನೋ. ಜಮಾಲ, ಐದನೇದು ಸುರಿ."

ಐದನೆಯದನ್ನು ಇಬ್ಬರೂ ಸಪ್ಪಳವಿಲ್ಲದೆ ಕುಡಿದರು. ಮೂರು ಅಂದ ದೇವಿಂದ್ರಪ್ಪ. ಉಂಗುರವೂ ಮೂರೇ ಬಡಿಯಿತು.

"ನನಗೊಬ್ಬ ಅಳಿಯ ಇದ್ದಾನ," ಅಂದ ಸೂಗಪ್ಪ. "ಸಂಜಿಗೆ ಅವನ ಆಣಿ. ಭಂಡಾರದ ತಾಟು ನಾನೇ ಹಿಡೀಬೇಕು. ಈ ಕೈಲೆ ಹೆಂಗ್ ಹಿಡೀಲಿ?"

"ನನಗೂ ಒಬ್ಬ ಮಾವ ಇದ್ದಾರ್ರಿ. ಮಗಳನ್ನ ಕಳಸ್ತಾರೋ ಇಲ್ಲೋ ಅಂತ ಎದಿ ಡವಡವ ಅನ್ನಾಕತ್ತದ."

"ಅದು ಮಾವನ ಕೈಯಾಗಿಲ್ಲೋ ತಮ್ಮಾ. ಮಗಳು ಅವರವ್ವನಂಗ."

ಸಂಜೆ ಇಬ್ಬರೂ ಬೇರೆ ಬೇರೆ ಓಣಿಯಿಂದ, ಬಾಯಿ ತುಂಬ ಲವಂಗ ಅಗಿಯುತ್ತ ಮನೆಗೆ ಬಂದರು. ಭೀಮವ್ವ ಅರಿಶಿನದ ಭಂಡಾರ ತುಂಬಿದ ಹಿತ್ತಾಳೆ ತಾಟು ತಂದಿಟ್ಟಳು. ಸೂಗಪ್ಪ ಅದರ ಅಂಚಿಗೆ ಕೈ ಹಚ್ಚಿ ಕೂತನೇ ಹೊರತು ಎತ್ತಲಿಲ್ಲ.

ಶಂಕ್ರಮ್ಮ ಬಾಗಿಲಲ್ಲಿ ನಿಂತಳು. "ಆಣಿ ಆಮ್ಯಾಲ. ಮುಂಜಾನಿ ಬಂದಾವ್ರು ಇಷ್ಟೊತ್ತು ಎಲ್ಲಿದ್ರಿ?"

ದೇವಿಂದ್ರಪ್ಪನ ನಾಲಗೆಯ ತುದಿಗೆ ಹಳೆಯ ಪಂಕ್ಚರ್ ಬಂತು. ಇವತ್ತು ಡ್ಯೂಟಿಯೇ ಇರಲಿಲ್ಲವಲ್ಲ! ಮಾವನ ಕಡೆ ನೋಡಿದ. ಮಾವ ಜಂತಿ ನೋಡುತ್ತಿದ್ದ.

"ಕುಡಿಯಾಕತ್ತಿದ್ದೆ," ಅಂದ. "ಜಮಾಲಸಾಬನ ಹಂತ್ಯಾಕ. ಐದು ಬಾಟ್ಲಿ ರುಚಿ ನೋಡೀನಿ. ಅದ್ರಾಗ ಒಂದು ಚಹಾ."

"ಯಾರ ಜೋಡಿ?"

"ಕಣ್ಣು ಕಟ್ಟಿದ್ರು. ಯಾರನ್ನೂ ನೋಡಿಲ್ಲ. ಬೇಕಾದ್ರ ಇದಕ್ಕ ಆಣಿ ಮಾಡ್ತೀನಿ."

ಆಗ ಭಂಡಾರದ ತಾಟು ಟಣ್ ಎಂದಿತು. ಮತ್ತೊಮ್ಮೆ, ಮತ್ತೊಮ್ಮೆ, ಹೀಗೆ ಐದು ಸಲ. ಸೂಗಪ್ಪ ತನ್ನ ಉಂಗುರದ ಬೆರಳನ್ನು ತಾನೇ ಗಾಬರಿಯಿಂದ ನೋಡಿದ.

"ಏನಾಗ್ಯದರಿ ನಿಮ್ಮ ಕೈಗೆ?" ಎಂದು ಭೀಮವ್ವ ಹತ್ತಿರ ಬಂದಳು. ಬಂದವಳು ಮೂಗು ಅರಳಿಸಿದಳು. "ಬಾಯಿ ತೆಗೀರಿ ನೋಡೂಣು."

ಶಂಕ್ರಮ್ಮ ಅಪ್ಪನನ್ನು ನೋಡಿದಳು, ಗಂಡನನ್ನು ನೋಡಿದಳು, ನಗು ತಡೆಯಲು ಸೆರಗಿನ ತುದಿ ಕಚ್ಚಿಕೊಂಡಳು. "ಅವ್ವಾ, ಅಪ್ಪನ ಪಂಚಾಯ್ತಿ ಆಮ್ಯಾಲ ಮಾಡು. ಮೊದಲು ನನ್ನ ಬಟ್ಟಿ ಗಂಟು ಕೊಡು."

"ಮತ್ತ ಆಣಿ?" ಅಂದ ದೇವಿಂದ್ರಪ್ಪ.

"ಬ್ಯಾಡ ಬ್ಯಾಡ!" ಅಂದ ಸೂಗಪ್ಪ, ಬಾಯಿಗೆ ಕೈ ಅಡ್ಡ ಹಿಡಿದು.

"ಬೇಕು," ಅಂದಳು ಶಂಕ್ರಮ್ಮ. "ನನ್ನ ಮುಂದ ಇನ್ನ ಪಂಕ್ಚರ್ ಅನ್ನಂಗಿಲ್ಲ, ಅಷ್ಟ." ಅವನು ಭಂಡಾರ ಮುಟ್ಟಿದ.

ಗಂಡ ಹೆಂಡತಿ ಹತ್ತಿದ ಕಡೆಯ ಬಸ್ಸು ಶಹಾಪುರದ ಹಾದಿಯ ಸಗರ ಎಂಬ ಊರಿನ ಹತ್ತಿರ ಬಂದಾಗ ಕೆಳಗೆ ಏನೋ ಢಬ್ ಎಂದು, ಬಸ್ಸು ಒಂದು ಮಗ್ಗುಲಿಗೆ ವಾಲಿ ನಿಂತಿತು. ಸರದಾರಸಾಬ ಇಳಿದು ಗಾಲಿ ಒದ್ದು ನೋಡಿದ. ದೇವಿಂದ್ರಪ್ಪ ಎರಡೂ ಕೈ ಮೇಲೆತ್ತಿದ. "ನಾ ಏನೂ ಅಂದಿಲ್ಲ!"

ಶಂಕ್ರಮ್ಮ ತಾನೇ ಇಳಿದು, ಬಗ್ಗಿ ನೋಡಿ, ರಬ್ಬರು ಒತ್ತಿ ನೋಡಿ ಬಂದಳು. "ಖರೆನೇ ಅದ," ಅಂದಳು. ಆಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಅವನಿಗೂ ಜಾಗ ಬಿಟ್ಟು ಕೂತು, ದನಿ ತಗ್ಗಿಸಿ ಕೇಳಿದಳು: "ಹೇಳ್ರಿ, ಅಪ್ಪಗ ಯಾವ್ದು ಸೇರ್ತು?"

"ಕಣ್ಣು ಕಟ್ಟಿದ್ರು," ಅಂದ ದೇವಿಂದ್ರಪ್ಪ.