ಎರಡನೇ ಬದಿ

ನಾನು ಒಂದು ಹಾಡಿನ ತಟ್ಟೆ. ಕಲ್ಕತ್ತದ ಕಡೆಯ ಕಾರ್ಖಾನೆಯೊಂದರಲ್ಲಿ ಬಿಸಿ ಕಪ್ಪು ಮುದ್ದೆಯನ್ನು ಎರಡು ಅಚ್ಚುಗಳ ನಡುವೆ ರೊಟ್ಟಿಯಂತೆ ಒತ್ತಿ ನನ್ನನ್ನು ಮಾಡಿದರು. ಎರಡೂ ಬದಿಗೆ ಒಮ್ಮೆಲೇ ಹಾಡು ಕೂತವು. ಆದರೆ ನಮ್ಮ ಜಾತಿಯ ಕಷ್ಟ ಕೇಳಿ: ಸೂಜಿ ಇಳಿದು ಗೆರೆ ಹಿಡಿಯುವ ತನಕ ನಮ್ಮೊಳಗೆ ಏನಿದೆಯೆಂದು ನಮಗೇ ಗೊತ್ತಿರುವುದಿಲ್ಲ.

ಹುಬ್ಬಳ್ಳಿಯ ಅಂಗಡಿಯಲ್ಲಿ, ನನ್ನ ಹೊದಿಕೆಯ ಮೇಲಿದ್ದ ಪಿಯಾನೋ ಚಿತ್ರಕ್ಕೆ ಮರುಳಾಗಿ ಬೆಟಗೇರಿಯ ಸಲೋಮಿ ನನ್ನನ್ನು ಮನೆಗೆ ತಂದಳು. ಅವಳು ಚರ್ಚಿನಲ್ಲಿ ಪಿಯಾನೋ ನುಡಿಸುವ ಹುಡುಗಿ. ಅಲ್ಲಿ ನುಡಿಸುವುದು ಭಕ್ತಿಗೀತೆ ಮಾತ್ರ. ನನ್ನೊಳಗಿನ ಇಂಗ್ಲಿಷ್ ಹಾಡುಗಾರನೋ ಪಿಯಾನೋ ಮೇಲೆ ಬೆರಳುಗಳನ್ನು ಕುಣಿಸುತ್ತಿದ್ದ. ಹಿಂದೆ ಗಿಟಾರು, ಡ್ರಮ್ಮು ಬೇರೆ.

ಮನೆಯಲ್ಲಿ ಅವಳ ಅಪ್ಪ ಯೋನಾಥಾನ ಮಾಸ್ತರರ ಕಾಯಿದೆಯೊಂದಿತ್ತು. ಐತವಾರ ಊಟವಾದ ಮೇಲೆ ಒಂದು ಬದಿ, ಒಂದೇ ಬದಿ.

"ಒಂದ್ ಬದಿ ಮುಗಿಯೂದ್ರಾಗ ನನಗ ನಿದ್ದಿ ಹತ್ತತೈತಿ. ಎರಡನೇದು ಹಚ್ಚಿದ್ರ ಹತ್ತಿದ್ ನಿದ್ದಿ ಹಾರಿ ಹೋಗ್ತೈತಿ," ಎನ್ನುತ್ತಿದ್ದರು.

ಸಲೋಮಿ ಪ್ರತಿ ಸಲ ಮೊದಲನೆಯ ಬದಿಯನ್ನೇ ಹಚ್ಚುತ್ತಿದ್ದಳು. ಅದರಲ್ಲಿನ ಒಂದು ಹಾಡು ಅವಳ ಕೈಗೆ ಇನ್ನೂ ಕೂತಿರಲಿಲ್ಲ. ಮನೆಯಲ್ಲಿ ಪಿಯಾನೋ ಎಲ್ಲಿಂದ ಬರಬೇಕು? ಚಾಪೆಯ ಮೇಲೆ ಬೋರಲು ಮಲಗಿದ ತಂಗಿ ಫೀಬಿಯ ಬೆನ್ನೇ ಪಿಯಾನೋ. ಸೂಜಿ ನನ್ನ ಮೇಲೆ, ಅಕ್ಕನ ಬೆರಳು ತಂಗಿಯ ಮೇಲೆ. ಸೂಜಿ ಎಗರದಿರಲೆಂದು ಅದರ ಕಡ್ಡಿಯ ಮೇಲೆ ನಾಲ್ಕಾಣೆಯೊಂದನ್ನು ಇಡುತ್ತಿದ್ದರು. ಆ ಭಾರಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅಕ್ಕಾ, ಇವತ್ತರ ಆ ಕಡೆ ಹಚ್ಚ," ಎಂದು ಫೀಬಿ ಗೋಗರೆಯುವಳು.

"ಮುಂದಿನ ಐತಾರ ಹಚ್ಚೂಣಂತ. ಅದೆಲ್ಲಿ ಓಡಿ ಹೊಕ್ಕೈತಿ?"

ನಾನೂ ಒಳಗೊಳಗೇ ಫೀಬಿಯ ಪಕ್ಷ. ನನ್ನ ಇನ್ನೊಂದು ಬದಿಯಲ್ಲಿ ಏನಿದೆಯೆಂದು ತಿಳಿಯುವ ಚಪಲ ನನಗೇನು ಕಡಿಮೆಯೇ?

ಆ ಐತವಾರ ಬರಲೇ ಇಲ್ಲ. ಪ್ಲೇಯರಿನ ಮೋಟರು ಸುಟ್ಟಿತು. ಸಲೋಮಿ ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು. ನರ್ಸ್ ಆದ ಫೀಬಿಯ ಜೊತೆ ನಾನು ಬೆಳಗಾವಿಗೆ ಹೋದೆ. ಕ್ಯಾಸೆಟ್ಟು ಬಂತು, ಹೋಯಿತು. ಯಾರೋ ನನ್ನ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟು, ಹೊದಿಕೆಯ ಚಿತ್ರದಲ್ಲಿದ್ದ ಹಾಡುಗಾರನ ತಲೆಯ ಮೇಲೆ ಎಣ್ಣೆಯ ಉಂಗುರ ಮೂಡಿಸಿದರು. ಕಪಾಟಿನ ಮೇಲೆ ಮಲಗಿ ವರ್ಷಗಟ್ಟಲೆ ನನ್ನದು ಅದೇ ಯೋಚನೆ: ಆ ಬದಿಯಲ್ಲಿರುವುದು ಗದ್ದಲದ ಹಾಡೋ, ಅಳುವ ಹಾಡೋ?

ಮೊನ್ನೆ ಫೀಬಿ ಹಳೆಯದೊಂದು ಪ್ಲೇಯರ್ ರಿಪೇರಿ ಮಾಡಿಸಿ ತಂದಳು. ಅಕ್ಕನನ್ನೂ ಊಟಕ್ಕೆ ಕರೆಸಿದಳು. ಇಬ್ಬರ ತಲೆಯೂ ಬೆಳ್ಳಗಾಗಿತ್ತು.

"ಅಕ್ಕಾ, ಮುಂದಿನ ಐತಾರ ಬಂತು ನೋಡ," ಎಂದಳು ಫೀಬಿ.

ಸಲೋಮಿ ನಕ್ಕು, ಮೊದಲು ಹಳೆಯ ಬದಿಯೇ ಬೇಕೆಂದಳು. ತಲೆದೂಗಿದಳು, ಗುನುಗಿದಳು, ತೊಡೆಯ ಮೇಲೆ ಬೆರಳು ಆಡಿಸಿದಳು. ಫೀಬಿಯ ಮುಖ ಅರಳಿತು. ಆದರೆ ಹಾಡು ಮುಗಿದು ಸೂಜಿ ಎತ್ತಿದ ಮೇಲೂ ಸಲೋಮಿಯ ಬೆರಳು ಆಡುತ್ತಲೇ ಇತ್ತು. ಆಗ ನಮಗೆ ತಿಳಿಯಿತು, ಅವಳು ಕೇಳುತ್ತಿದ್ದುದು ನನ್ನನ್ನಲ್ಲ. ಕಿವಿ ಮಂದವಾಗಿ ವರ್ಷಗಳಾಗಿದ್ದವು. ಕಿವಿಗೆ ಯಂತ್ರ ಹಾಕಿಕೊಂಡರೆ ಮಾತು ಅಷ್ಟಿಷ್ಟು ತಿಳಿಯುತ್ತಿತ್ತು, ಹಾಡು ಮಾತ್ರ ಪಾತ್ರೆ ತೊಳೆವ ಸದ್ದಿನಂತೆ ಕೇಳುತ್ತಿತ್ತು.

ಫೀಬಿ ನನ್ನನ್ನು ತಿರುವಿ ಹಾಕಿದಳು. ಸೂಜಿ ಇಳಿಯಿತು. ಮೊದಲು ಡ್ರಮ್ಮು, ಗಿಟಾರು, ಗದ್ದಲ. ಕೊನೆಯ ಹಾಡಿಗೆ ಎಲ್ಲವೂ ಸರಿದು ಪಿಯಾನೋ ಒಂದೇ ಉಳಿಯಿತು. ನಿಧಾನ, ಬಲು ಮೆತ್ತಗೆ. ಇಷ್ಟು ಚೆಂದದ್ದು ನನ್ನೊಳಗಿತ್ತೇ ಎಂದು ಬೆರಗಾದೆ.

ಸಲೋಮಿಯ ಬೆರಳು ಈ ಸಲ ಆಡಲಿಲ್ಲ.

"ಏನೋ ಸಪ್ಪಳ ಬರಾಕತ್ತೈತಿ, ಫೀಬಿ. ಹಾಡು ತಿಳೀವಲ್ದು. ಆ ಕಡೀದು ಎದಿಯಾಗ ಐತಿ, ಇದು ಇಲ್ಲ. ನೀ ಅಂದಾಗ ಹಚ್ಚಬೇಕಿತ್ತವಾ."

ನನಗೆ ಬಹಳ ಸಂಕಟವಾಯಿತು. ಇಷ್ಟು ಕಾಯ್ದು ಹಾಡಿದರೂ ಅವಳಿಗೆ ಮುಟ್ಟಲಿಲ್ಲವಲ್ಲ!

ಫೀಬಿ ಸೂಜಿಯನ್ನು ಆ ಹಾಡಿನ ಮೊದಲಿಗೆ ಇಟ್ಟು, ಅಕ್ಕನ ಹಿಂದೆ ಕೂತು, ಅವಳ ಬೆನ್ನ ಮೇಲೆ ಎರಡೂ ಕೈ ಇಟ್ಟಳು. ಅವಳಿಗೆ ಪಿಯಾನೋ ಬಾರದು. ಬೆರಳು ಅಲ್ಲಲ್ಲಿ ತಪ್ಪಿದವು. ಆದರೂ ನಾನು ಹಾಡಿದ ಹಾಗೆ ಒತ್ತುತ್ತ, ಬಿಡುತ್ತ ಹೋದಳು. ಸಲೋಮಿ ಕಣ್ಣು ಮುಚ್ಚಿದಳು.

"ಅಯ್ಯ, ಇಷ್ಟ ಮೆತ್ತಗಿನ ಹಾಡೇನ ಇದು? ಅಪ್ಪಗ ಇನ್ನೂ ಛಲೋ ನಿದ್ದಿ ಹತ್ತತಿತ್ತಲ್ಲ!"

ಇಬ್ಬರೂ ನಕ್ಕರು, ಇಬ್ಬರ ಕಣ್ಣೂ ಒದ್ದೆಯಾದವು. ಹಾಡು ಮುಗಿಯಿತು. ಸೂಜಿ ನನ್ನ ನಡುವಿನ ಖಾಲಿ ಗೆರೆಯಲ್ಲಿ ಸುಮ್ಮನೆ ಸುತ್ತತೊಡಗಿತು. ಫೀಬಿಯ ಬೆರಳು ನಿಂತವು.

"ಯಾಕ ನಿಂತಿ?" ಎಂದಳು ಸಲೋಮಿ, ಬೆನ್ನು ತಿರುಗಿಸದೆ. "ಮತ್ತೊಮ್ಮೆ ಬಾರಸ."