ಮಾವನ ತಲೆಗೆ ಕಟ್ಟಿದ್ದು

ಫೋಟೋ ತಿದ್ದುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೂ ತೊಟ್ಟಿಲಲ್ಲಿದ್ದಾನೆ. ಬೋಳುತಲೆಯ ಮೇಲೆ ನಾನು ಬೆಳೆಸಿಕೊಟ್ಟ ಕೂದಲನ್ನು ಬಾಚಲು ಗಿರಾಕಿಗಳು ಬಾಚಣಿಗೆ ಹುಡುಕಿದ್ದುಂಟು. ಇಂಟರ್ನೆಟ್ಟಂತೂ ನನ್ನ ಕಣ್ಸನ್ನೆಗೆ ಕುಣಿಯುವಂಥದ್ದು. ಸ್ಟುಡಿಯೋ ಮಾತ್ರ ನನ್ನದಲ್ಲ, ಹೆಣ್ಣು ಕೊಟ್ಟ ಮಾವನದು.

ಮಾವನಿಗೆ ಎಪ್ಪತ್ತು ದಾಟಿದೆ. ಇಂಟರ್ನೆಟ್ಟಿನಲ್ಲಿದ್ದ ಸ್ಟುಡಿಯೋ ಪೇಜಿನ ಪಾಸ್‌ವರ್ಡ್ ಒತ್ತುವಾಗ ಹಳೇ ಕ್ಯಾಮೆರಾದ ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ನನ್ನನ್ನು ಬಿಟ್ಟರೆ ಇನ್ನೊಬ್ಬರಿಗೆ ಅದನ್ನು ಹೇಳಿದವರಲ್ಲ. ಅದೋ, ಒತ್ತಿ ಮುಗಿಸುವಷ್ಟರಲ್ಲಿ ಕಾದು ಕೂತ ಗಿರಾಕಿಗೆ ಗಡ್ಡ ಬಂದಿರುತ್ತಿತ್ತು! ಬಂದ ಮೆಸೇಜನ್ನೆಲ್ಲ ಜೋರಾಗಿ ಓದಿ, "ಯಾರಪ್ಪ ಇವನು, ನಮ್ಮ ನೆಂಟನಾ?" ಎಂದು ಅಳಿಸುತ್ತಿದ್ದರು. ಬ್ಯಾಂಕಿನ ಅಸಲಿ ಮ್ಯಾನೇಜರು ಫೋನ್ ಮಾಡಿದಾಗಲೂ, "ನೀನು ಮ್ಯಾನೇಜರಾದ್ರೆ ನಾನು ಮಹಾರಾಜ" ಎಂದು ಫೋನ್ ಕುಕ್ಕಿಬಿಟ್ಟಿದ್ದರು. ಇದಕ್ಕೆಲ್ಲ ಉಪ್ಪು ಖಾರ ಹಚ್ಚಿ ಗಿರಾಕಿಗಳನ್ನು ನಗಿಸುವುದು ನನ್ನ ಕೆಲಸ.

ಒಂದು ಬೆಳಿಗ್ಗೆ ಸ್ಟುಡಿಯೋದ ಪೇಜ್ ತೆರೆದರೆ ಮಾವ ಜೀವಮಾನವೆಲ್ಲ ತೆಗೆದ ಮದುಮಕ್ಕಳು, ಬೊಚ್ಚುಬಾಯಿಯ ಕೂಸುಗಳು, ಯಾರೂ ಇಲ್ಲ. ಅವರ ಜಾಗದಲ್ಲಿ ಹೊಟ್ಟೆ ಕರಗಿಸುವ ಮಾತ್ರೆಯ ಜಾಹೀರಾತು. ನಮ್ಮ ಪಾಸ್‌ವರ್ಡ್ ನಮಗೇ ಬಾಗಿಲು ತೆರೆಯಲಿಲ್ಲ.

"ಯಾರು ಏನು ಒತ್ತಿದ್ರಿ?" ಎಂದಳು ಹೆಂಡತಿ.

"ಇನ್ಯಾರು? ವಯಸ್ಸಾದ ಬೆರಳು, ಎಲ್ಲಿ ಬೀಳುತ್ತೆ ಅಂತ ಅದಕ್ಕೇ ಗೊತ್ತಿರಲ್ಲ," ಎಂದೆ. ಅಂಗಡಿ ತುಂಬಾ ನಗು.

ಮಾವ ಕನ್ನಡಕ ತೆಗೆದು ಒರೆಸಿದರು. "ಮೊನ್ನೆ ಯಾವುದೋ ಮಗುವಿನ ಫೋಟೋ ದೊಡ್ಡದು ಮಾಡಿ ನೋಡಿದ್ದೆ. ಅದೇ ಇರಬೇಕು."

"ಅದೇ, ಅದೇ!" ಎಂದೆ.

ಮಧ್ಯಾಹ್ನ ದೂರು ಕೊಡಲು ಕೂತೆ. ಪೇಜಿನೊಳಗೆ ಕಳ್ಳನನ್ನು ಬಿಟ್ಟ ಫೋನ್ ಯಾವುದೆಂದು ಪೇಜ್ ನಡೆಸುವ ಕಂಪನಿಯ ಮೇಲ್‌ನಲ್ಲಿ ಬರೆದಿತ್ತು. ನನ್ನದು. ಆಗ ನೆನಪಾಯಿತು: ಚಹಾ ಆರಲೆಂದು ಕಾಯುತ್ತಾ ನಿಂತಿದ್ದಾಗ, ನಿಮ್ಮಂಥ ಪ್ರಸಿದ್ಧರಿಗೆ ಹೆಸರಿನ ಪಕ್ಕ ನೀಲಿ ಟಿಕ್ ಕೊಡುತ್ತೇವೆ ಎಂದೊಂದು ಮೆಸೇಜು. ಅಂತೂ ಜಗತ್ತಿಗೆ ಕಣ್ಣು ಬಂತಲ್ಲ ಎಂದುಕೊಂಡು, ಪೂರ್ತಿ ಓದದೆ, ಪಾಸ್‌ವರ್ಡನ್ನೂ ಅದರ ಹಿಂದೆಯೇ ಬಂದ ಕೋಡನ್ನೂ ಕೊಟ್ಟುಬಿಟ್ಟಿದ್ದೆ. ಮೆಸೇಜು, ಮೇಲ್ ಎರಡನ್ನೂ ಅಳಿಸಿದೆ. ಕಿವಿ ಮಾತ್ರ ಸಂಜೆಯವರೆಗೂ ಕಾದ ಕಾವಲಿಯಂತೆ ಉರಿಯುತ್ತಿತ್ತು.

ಮಾವ ತಮ್ಮ ಫೋನನ್ನು ಡ್ರಾಯರಿಗೆ ಹಾಕಿದವರು ಮತ್ತೆ ಮುಟ್ಟಲಿಲ್ಲ. ಅಂಗಡಿಗೆ ಬೀಗ ಹಾಕಿ, "ಹಾಕಿದೀನಾ ನೋಡಮ್ಮ," ಎಂದು ಮಗಳನ್ನು ಕೇಳತೊಡಗಿದರು. ಗಿರಾಕಿಗೆ ಚಿಲ್ಲರೆ ಕೊಡುವಾಗ ನನ್ನ ಮುಖ ನೋಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ.

ಆಮೇಲೊಂದು ದಿನ ಹೊಸ ಜೋಡಿಯೊಂದು ಬಂದು ಪರದೆಯ ಮುಂದೆ ಕೂತಿತು. ಮಾವ ಕ್ಯಾಮೆರಾಕ್ಕೆ ಕಣ್ಣಿಟ್ಟರು. ಬಹಳ ಹೊತ್ತು ಹಾಗೇ ಇದ್ದು, ಅದರ ಪಟ್ಟಿಯನ್ನು ಕೊರಳಿನಿಂದ ತೆಗೆದರು.

"ನೀವೇ ತೆಗೀರಿ ಅಳಿಯಂದಿರೇ. ನನಗೆ ಸರಿ ಅನ್ನಿಸಿದ್ದು ಸರೀನೋ ಅಲ್ವೋ, ಈಗೀಗ ತಿಳಿಯಲ್ಲ."

ಮಗಳಿಗೂ ಮುಟ್ಟಲು ಬಿಡದ ಕ್ಯಾಮೆರಾ ಅದು. ನನ್ನ ಕೈಗೆ ಬಂತು.

"ಮಾವ, ಒತ್ತಿದ್ದು ನಾನು," ಎಂದೆ. "ನೀಲಿ ಟಿಕ್ಕಿನ ಆಸೆಗೆ ಬಿದ್ದು ಎಲ್ಲ ಕೊಟ್ಟುಬಿಟ್ಟೆ. ನಿಮ್ಮದೇನೂ ತಪ್ಪಿಲ್ಲ."

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು. "ಬಿಡಿ, ಬಿಡಿ."

"ಆಣೆ ಮಾವ!"

"ನಿಮ್ಮ ಆಣೆ ಗೊತ್ತಿಲ್ವಾ? ಹುಲಿ ಜೊತೆ ಸೆಲ್ಫಿ ತೆಗೆದೆ ಅಂತಲೂ ಆಣೆ ಇಟ್ಟಿದ್ರಿ."

"ಇಲ್ಲ ಮಾವ, ಇದು ನಿಜ. ತೋರಿಸ್ತೀನಿ." ಜೇಬಿನಿಂದ ಫೋನ್ ತೆಗೆದೆ. ತೋರಿಸಲು ಏನು ಉಳಿದಿತ್ತು? "ಅಳಿಸಿಬಿಟ್ಟೆ," ಎಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

ಮಾವ ನನ್ನ ಭುಜ ತಟ್ಟಿ ಜೋಡಿಯ ಕಡೆ ತಿರುಗಿದರು. "ನೋಡಿದ್ರಾ? ಮುದುಕನ ಮರ್ಯಾದೆ ಉಳಿಸೋಕೆ ತಪ್ಪು ತಮ್ಮ ಮೇಲೆ ಎಳ್ಕೊಳ್ತಿದಾರೆ. ಇಂಥ ಅಳಿಯ ಯಾರಿಗೆ ಸಿಗ್ತಾನೆ ಹೇಳಿ?"

ಮದುಮಗಳ ಕಣ್ಣು ಒದ್ದೆಯಾಯಿತು. ಮದುಮಗ ಎದ್ದು ಬಂದು ನನ್ನ ಕೈ ಕುಲುಕಿದ. ಇಂಥ ಹೊಗಳಿಕೆಗೆ ಹುಟ್ಟಿದಾಗಿನಿಂದ ಬಾಯಿ ಬಿಟ್ಟುಕೊಂಡು ಕಾದವನು ನಾನು. ಆ ಹೊತ್ತಿಗೆ ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ಕಾಲಿಗೆ ಬೀಳುತ್ತಿದ್ದೆ.

ಮಾವ ಹೋಗಿ ಗಿರಾಕಿಗಳು ಕಾಯುವ ಬೆಂಚಿನ ಮೇಲೆ, ಮೊಣಕಾಲಿನ ಮೇಲೆ ಕೈಯಿಟ್ಟು ಕೂತರು. ನಾನು ಕಣ್ಣಿಟ್ಟು ಗುಂಡಿ ಒತ್ತಿದೆ.

"ಸರಿಯಾಗಿ ಬಂತಾ?" ಕೂತಲ್ಲಿಂದಲೇ ಕೇಳಿದರು. ಎದ್ದು ಬಂದು ನೋಡಲಿಲ್ಲ.